ಹೊಸ ನೀರಿಗೆ ಏರುವ ಮೀನು

ಮೃಗಶಿರಾ ಮಳೆ ಕೂಡಿದ ದಿನ ಮೀನು ತಿನ್ನಬೇಕೆಂಬುದು ನಮ್ಮ ಓಣಿಯ ಹಳೆಯ ರೂಢಿ. ನಾನೂ ತಿಂದು ಬೆಳೆದವನೇ. ಆದರೆ ಈ ವರ್ಷ ಕೊಪ್ಪಳದ ಹಿರೇಹಳ್ಳದಲ್ಲಿ ಕಂಡದ್ದನ್ನು ಬರೆಯದೆ ಇರಲಾರೆ.

ರಾತ್ರಿ ಮಳೆ ಸುರಿದು ಬೆಳಿಗ್ಗೆ ಹಳ್ಳಕ್ಕೆ ಕೆಂಪು ನೀರು ಬಂದಿತ್ತು. ತುಂಗಭದ್ರೆಯ ಕಡೆಯಿಂದ ಗೆಂಡೆ ಮೀನುಗಳು ಹೊಸ ನೀರಿಗೆ ಎದುರಾಗಿ ಏರುತ್ತಿದ್ದವು. ಸೇತುವೆಯ ಕೆಳಗೆ ಸೊಳ್ಳೆ ಪರದೆಯನ್ನು ಅಡ್ಡ ಕಟ್ಟಿ ಬುಟ್ಟಿಗಟ್ಟಲೆ ಎತ್ತುತ್ತಿದ್ದರು. ಒಂದನ್ನು ಅಂಗೈಗೆ ತೆಗೆದುಕೊಂಡೆ. ಹೊಟ್ಟೆ ಬಿರಿಯುವಂತಿತ್ತು. ಬೆರಳು ತುಸು ಒತ್ತಿದ್ದಕ್ಕೇ ರವೆಯಂತಹ ಹಳದಿ ತತ್ತಿ ಜಾರಿ ಮುಂಗೈಗೆ ಇಳಿಯಿತು. ನೀರಿಗೆ ಬಿಟ್ಟೆ. ಒಂದು ಗಳಿಗೆ ಅಡ್ಡ ಬಿದ್ದಿದ್ದು, ಬಾಲ ಬಡಿದು ಮತ್ತೆ ಮೇಲಕ್ಕೇ ಹೋಯಿತು.

ನನಗೆ ಗಾಳ ಹಾಕಲು ಕಲಿಸಿದವರು ಸೋದರಮಾವ. ತತ್ತಿ ತುಂಬಿದ ಮೀನು ಸಿಕ್ಕರೆ, ಅದು ಎಷ್ಟೇ ದೊಡ್ಡದಿರಲಿ, ಕೊಕ್ಕೆ ಬಿಡಿಸಿ ನೀರಿಗೆ ಹಾಕುತ್ತಿದ್ದರು. "ಬಸುರಿಯ ಮೇಲೆ ಕೈ ಮಾಡಬಾರದು" ಎಂಬುದಷ್ಟೇ ಅವರ ಕಾನೂನು.

ಅಕ್ಕನ ಮಗ ಸ್ಕಾಟ್ಲೆಂಡಿನಲ್ಲಿದ್ದಾನೆ. ಅಲ್ಲಿಯವರು ಕೊಕ್ಕೆಗೆ ಹಕ್ಕಿಯ ಪುಕ್ಕ, ದಾರ ಸುತ್ತಿ ನೊಣದಂತೆ ಮಾಡಿ ಟ್ರೌಟ್, ಸಾಲ್ಮನ್ ಹಿಡಿಯುತ್ತಾರೆ. ಆ ನೊಣಕ್ಕೆ ತೂಕವೇ ಇಲ್ಲ. ಗಾಳದ ದಪ್ಪ ದಾರದ ಭಾರವೇ ಅದನ್ನು ನದಿಯ ನಡುವಿಗೆ ಒಯ್ಯುತ್ತದೆ. ಸಾಲ್ಮನ್ ಸಮುದ್ರದಲ್ಲಿ ಬಲಿತು, ತತ್ತಿ ಇಡಲು ತಾನು ಹುಟ್ಟಿದ ನದಿಗೇ ಮರಳುತ್ತದೆ. ಅಲ್ಲಿ ಏಪ್ರಿಲ್ 1ಕ್ಕೆ ಮೊದಲು ಹಿಡಿದ ಸಾಲ್ಮನ್ ಅನ್ನು ಬಿಡಲೇಬೇಕು. ಭಾನುವಾರ ಅದಕ್ಕೆ ಗಾಳ ಹಾಕುವಂತೆಯೇ ಇಲ್ಲ. ಇದನ್ನೆಲ್ಲ ಕೇಳಿದಾಗ ನನಗೆ ನೆನಪಾದದ್ದು ಮಾವನೇ.

ಬಲೆಯನ್ನೇ ನಂಬಿ ಬದುಕುವ ಮನೆಗಳ ಮೇಲೆ ನನ್ನ ದೂರಿಲ್ಲ. ಯಾವ ಮೀನು ಯಾವಾಗ ಏರುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅಂದು ಪರದೆ ಹಿಡಿದಿದ್ದವರು ನಮ್ಮಂಥವರು, ಮೋಟಾರ್ ಸೈಕಲ್ ನಿಲ್ಲಿಸಿ ಇಳಿದವರು.

2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಮುಂದೆ ನಿಂತು ಈ ಹಳ್ಳವನ್ನು ಸ್ವಚ್ಛಗೊಳಿಸಿದರು. ಊರೂರುಗಳ ಜನ ಕೈಜೋಡಿಸಿದರು. ನೀರಿಗೆ ದಾರಿಯಾಯಿತು. ಅದೇ ದಾರಿಯಲ್ಲಿ ಬರುವ ಮೀನಿಗೆ ನಾವು ಪರದೆ ಕಟ್ಟುವುದೇ? ನನಗಂತೂ ಇದು ಸಹಿಸಲಾಗದ ಮಾತು.

ಆರಿದ್ರಾ ಮಳೆ ಮುಗಿಯುವವರೆಗೆ ಹಳ್ಳಕ್ಕೆ ಯಾರೂ ಅಡ್ಡ ಕಟ್ಟಬೇಡಿ ಎಂದು ಕೈಮುಗಿದು ಕೇಳುತ್ತೇನೆ. ರೂಢಿ ಬಿಡಿ ಎನ್ನುತ್ತಿಲ್ಲ. ಬರುವ ಮೃಗಶಿರಾಕ್ಕೆ ನಮ್ಮ ಮನೆಗೆ ಸಾಕಿದ ಕಾಟ್ಲಾ ತರುತ್ತೇನೆ. ಮಾವನ ಗಾಳ ಆ ತಿಂಗಳು ಅಟ್ಟದ ಮೇಲೇ ಇರುತ್ತದೆ.