ಪೆನ್‌ಡ್ರೈವ್‌ನಲ್ಲಿ ಉಳಿಯುವ ಪಾಠೋಪಕರಣಗಳು

ಶಾಲೆ ಶುರುವಾಗುವ ಹೊತ್ತಿಗೆ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ತರಗತಿಗೆ ಬೇಕಾದ ಐವತ್ತು ಉಚಿತ ಆನ್‌ಲೈನ್ ಸಾಧನಗಳು’ ಎಂಬಂಥ ಪಟ್ಟಿಗಳು ಹರಿದಾಡಲು ತೊಡಗುತ್ತವೆ. ಉಡುಪಿ ಜಿಲ್ಲೆಯ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮಗೆ ಐವತ್ತು ಬೇಡ, ನಾಲ್ಕೈದು ಸಾಕು. ಆದರೆ ಆ ನಾಲ್ಕೈದು ಸಾಧನಗಳು ಇಂಟರ್‌ನೆಟ್ ಇಲ್ಲದಾಗಲೂ ನಡೆಯುವಂಥವಾಗಿರಬೇಕು, ಮಕ್ಕಳ ಹೆಸರನ್ನೂ ಮೊಬೈಲ್ ಸಂಖ್ಯೆಯನ್ನೂ ಕೇಳದವಾಗಿರಬೇಕು ಮತ್ತು ಸಾಧ್ಯವಾದಷ್ಟು ಮಟ್ಟಿಗೆ ಕನ್ನಡದಲ್ಲಿರಬೇಕು.

ಇಂಟರ್‌ನೆಟ್ ಇಲ್ಲದಾಗಲೂ ನಡೆಯಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ನಮ್ಮ ಕರಾವಳಿಯ ಮಳೆಗಾಲವೇ ಸಾಕಷ್ಟು ಕಾರಣ. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿಗಳು ರಜೆ ಘೋಷಿಸುವ ದಿನಗಳನ್ನು ಬದಿಗಿಟ್ಟರೂ, ಉಳಿದ ದಿನಗಳಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋಗುವುದು, ಅದರ ಬೆನ್ನಿಗೇ ನೆಟ್‌ವರ್ಕ್ ಹೋಗುವುದು ಘಟ್ಟದ ಬುಡದ ಶಾಲೆಗಳಿಗೆ ಹೊಸದಲ್ಲ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಹದಿನೈದು ನಿಮಿಷ ಪರದೆಯ ಮೇಲೆ ಸುತ್ತುವ ಚಕ್ರವನ್ನೇ ನೋಡಿದ ತರಗತಿಯನ್ನು ಮತ್ತೆ ಪಾಠದ ಕಡೆಗೆ ತರುವುದು ಎಷ್ಟು ಕಷ್ಟವೆಂದು ಶಿಕ್ಷಕರಿಗೆ ನಾನು ವಿವರಿಸಬೇಕಾಗಿಲ್ಲ.

ನನ್ನ ಪಟ್ಟಿಯಲ್ಲಿ ಮೊದಲನೆಯದು ಫೆಟ್. ಭೌತವಿಜ್ಞಾನದಲ್ಲಿ 2001ರ ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್ಸಿನಲ್ಲಿ ಆರಂಭಿಸಿದ ಯೋಜನೆ ಇದು. ಇದರ ಸಿಮ್ಯುಲೇಷನ್‌ಗಳನ್ನು, ಅಂದರೆ ಪರದೆಯ ಮೇಲೆಯೇ ಮಾಡಿ ನೋಡುವ ಪ್ರಯೋಗಗಳನ್ನು, ಒಂದೊಂದು ಕಡತವಾಗಿ ಇಳಿಸಿಕೊಂಡರೆ ಹಳೆಯ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲೂ ನೆಟ್ ಇಲ್ಲದೆ ತೆರೆಯುತ್ತವೆ, ಮತ್ತು ಅನೇಕವು ಕನ್ನಡದಲ್ಲಿ ದೊರೆಯುತ್ತವೆ. ಹತ್ತನೆಯ ತರಗತಿಯ ವಿದ್ಯುಚ್ಛಕ್ತಿಯ ಪಾಠವನ್ನೇ ತೆಗೆದುಕೊಳ್ಳಿ. ಸರಣಿ ಜೋಡಣೆಯಲ್ಲಿ ವಿದ್ಯುತ್ ಪ್ರವಾಹ ಎಲ್ಲೆಡೆಯೂ ಒಂದೇ ಎಂದು ನಾವು ಕಪ್ಪುಹಲಗೆಯಲ್ಲಿ ಬರೆದು, ಮಕ್ಕಳು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆಯುತ್ತಾರೆ. ಆದರೆ ಬಿಡುವಿನಲ್ಲಿ ಕೇಳಿದರೆ, ಮೊದಲ ಬಲ್ಬು ಸ್ವಲ್ಪ ಕರೆಂಟನ್ನು ‘ತಿಂದು’ ಉಳಿದದ್ದನ್ನು ಮುಂದಿನದಕ್ಕೆ ಬಿಡುತ್ತದೆ ಎಂದೇ ಹೇಳುತ್ತಾರೆ. ಫೆಟ್‌ನ ವಿದ್ಯುನ್ಮಂಡಲದ ಕಿಟ್‌ನಲ್ಲಿ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ, ಮೊದಲ ಬಲ್ಬಿಗಿಂತ ಮೊದಲೂ ಎರಡನೆಯದರ ನಂತರವೂ ಅಮ್ಮೀಟರ್ ಇಟ್ಟಾಗ ಎರಡೂ ಕಡೆ ಒಂದೇ ಅಂಕಿ ಬರುತ್ತದೆ, ಮತ್ತು ತಂತಿಯೊಳಗೆ ಎಲೆಕ್ಟ್ರಾನ್‌ಗಳು ಎಲ್ಲೆಡೆಯೂ ಒಂದೇ ವೇಗದಲ್ಲಿ ಸಾಗುವುದು ಕಣ್ಣಿಗೆ ಕಾಣುತ್ತದೆ. ಆ ತಪ್ಪು ಕಲ್ಪನೆ ಅಲ್ಲಿ ಅಲುಗಾಡುವಷ್ಟು ನನ್ನ ಮಾತಿನಿಂದ ಅಲುಗಾಡುವುದಿಲ್ಲ. ಬ್ಯಾಟರಿಯ ಎರಡು ತುದಿಗಳನ್ನು ನೇರವಾಗಿ ತಂತಿಯಿಂದ ಸೇರಿಸಿದರೆ ಪರದೆಯ ಮೇಲೆ ಬೆಂಕಿ ಏಳುತ್ತದೆ; ಶಾರ್ಟ್ ಸರ್ಕ್ಯೂಟ್ ಎಂದರೇನೆಂದು ಯಾರ ಕೈಯೂ ಸುಡದೆ ಅರ್ಥವಾಗುತ್ತದೆ.

ಹಾಗೆಂದು ಪ್ರಯೋಗಾಲಯದ ಕೆಲಸವನ್ನು ಇದಕ್ಕೆ ಬಿಟ್ಟುಕೊಡುವುದನ್ನು ನಾನು ಒಪ್ಪುವುದಿಲ್ಲ. ಸಿಮ್ಯುಲೇಷನ್‌ನಲ್ಲಿ ತಂತಿಯ ತುದಿಗೆ ತುಕ್ಕು ಹಿಡಿಯುವುದಿಲ್ಲ, ಹೋಲ್ಡರ್ ಸಡಿಲವಾಗುವುದಿಲ್ಲ. ಬಲ್ಬು ಏಕೆ ಉರಿಯಲಿಲ್ಲ ಎಂದು ಹುಡುಕುವ ತಾಳ್ಮೆ ನಿಜವಾದ ಬ್ಯಾಟರಿ ಸೆಲ್ ಮತ್ತು ಟಾರ್ಚಿನ ಬಲ್ಬುಗಳಿಂದಲೇ ಬರಬೇಕು. ಆದ್ದರಿಂದ ಮೊದಲು ಊಹೆ, ಆಮೇಲೆ ಪರದೆ, ಅದೇ ವಾರದಲ್ಲಿ ಕೈಯಾರೆ ಜೋಡಣೆ ಎಂಬ ಕ್ರಮವನ್ನು ನಾನು ಬಿಡುವುದಿಲ್ಲ. ಊಹೆಯನ್ನು ನೋಟ್‌ಪುಸ್ತಕದಲ್ಲಿ ಬರೆಸದೆ ಪರದೆ ತೋರಿಸಿದರೆ ಮಕ್ಕಳು ಅದನ್ನು ಸಿನಿಮಾದಂತೆ ನೋಡಿ ಎದ್ದುಹೋಗುತ್ತಾರೆ.

ಎರಡನೆಯದು ಸ್ಟೆಲೇರಿಯಂ. ಕಂಪ್ಯೂಟರ್‌ಗೆ ಪೂರ್ತಿ ಉಚಿತವಾಗಿ ದೊರೆಯುವ ಈ ಮುಕ್ತ ತಂತ್ರಾಂಶ ನೆಟ್ ಇಲ್ಲದೆಯೂ ಯಾವ ಊರಿನ, ಯಾವ ದಿನದ ಆಕಾಶವನ್ನಾದರೂ ತೋರಿಸುತ್ತದೆ. ನಮ್ಮ ಜಿಲ್ಲೆಗಳ ಶಿಕ್ಷಕರಿಗೆ ಇದು ಬೇರೆಯವರಿಗಿಂತ ಹೆಚ್ಚು ಬೇಕು. ಉಡುಪಿ ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ, ಹೀಗೆ ವರ್ಷಕ್ಕೆ ಎರಡು ಬಾರಿ ಮಾತ್ರ ಸೂರ್ಯ ನಡುನೆತ್ತಿಯಲ್ಲಿ ನಿಂತು, ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕಾಣದಾಗುತ್ತದೆ. ಏಪ್ರಿಲ್‌ನಲ್ಲಿ ಶಾಲೆಗೆ ಬೇಸಿಗೆ ರಜೆ, ಆಗಸ್ಟ್‌ನಲ್ಲಿ ಮೋಡ. ಹೀಗಾಗಿ ದಿನಾ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ ಎಂಬ ನಂಬಿಕೆಯಲ್ಲೇ ನಮ್ಮ ಮಕ್ಕಳು ಶಾಲೆ ಮುಗಿಸುತ್ತಾರೆ. ಸ್ಟೆಲೇರಿಯಂನಲ್ಲಿ ಸ್ಥಳವನ್ನು ಉಡುಪಿಗೆ ಹೊಂದಿಸಿ ಡಿಸೆಂಬರ್ 22ರ ಮಧ್ಯಾಹ್ನಕ್ಕೆ ಹೋದರೆ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 53 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಜೂನ್‌ನಲ್ಲಿ ನೋಡಿದರೆ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಕೀಬೋರ್ಡಿನ ‘ಎ’ ಒತ್ತಿ ವಾತಾವರಣವನ್ನು ತೆಗೆದುಹಾಕಿದರೆ ಹಗಲಿನಲ್ಲೇ ನಕ್ಷತ್ರಗಳು ಕಾಣುತ್ತವೆ, ಸೂರ್ಯ ಯಾವ ರಾಶಿಯ ಎದುರಿಗಿದ್ದಾನೆಂಬುದೂ ತಿಳಿಯುತ್ತದೆ. ಸೂರ್ಯ ಅತಿ ಎತ್ತರಕ್ಕೆ ಬರುವುದು ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ ಎಂಬುದನ್ನು ಮಕ್ಕಳು ತಾವಾಗಿಯೇ ಗಮನಿಸುತ್ತಾರೆ. ಭಾರತೀಯ ಕಾಲಮಾನದ ರೇಖಾಂಶ 82.5 ಡಿಗ್ರಿ, ನಮ್ಮದು ಸುಮಾರು 74.75 ಡಿಗ್ರಿ, ಡಿಗ್ರಿಗೆ ನಾಲ್ಕು ನಿಮಿಷದಂತೆ ವ್ಯತ್ಯಾಸ ಸುಮಾರು 31 ನಿಮಿಷ. ಸಮಾಜ ವಿಜ್ಞಾನದ ಪೀರಿಯಡ್‌ನಲ್ಲಿ ಕಲಿತ ಲೆಕ್ಕ ವಿಜ್ಞಾನದ ಪೀರಿಯಡ್‌ನಲ್ಲಿ ಹೀಗೆ ಕೈಗೆ ಸಿಗುತ್ತದೆ. 2018ರಲ್ಲಿ ಆರಂಭವಾದ, ಮಂಗಳೂರಿನ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯಕ್ಕೆ ಮಕ್ಕಳನ್ನು ಕರೆದೊಯ್ಯುವ ಶಾಲೆಗಳು ಅದಕ್ಕೆ ಮೊದಲು ಇಂಥ ಒಂದೆರಡು ತರಗತಿಗಳನ್ನು ನಡೆಸಿದರೆ, ಅಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳೇ ಬೇರೆಯಾಗಿರುತ್ತವೆ.

ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್‌ಗೆ ನೆಟ್ ಬೇಕೇ ಬೇಕು, ಆದರೂ ಅದನ್ನು ನಾನು ಕೈಬಿಟ್ಟಿಲ್ಲ. 1984ರಿಂದ ಈಚಿನ ಉಪಗ್ರಹ ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ಓಡಿಸಿ ತೋರಿಸುವ ಇದರಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಯನ್ನೂ, ಸುವರ್ಣಾ ಮತ್ತು ಸೀತಾ ನದಿಗಳು ಸೇರುವ ಕೋಡಿ ಬೆಂಗ್ರೆಯನ್ನೂ ಮಕ್ಕಳಿಗೆ ತೋರಿಸಬಹುದು. ಕಡಲ್ಕೊರೆತದ ಸುದ್ದಿಯನ್ನು ಪ್ರತಿ ಮಳೆಗಾಲದಲ್ಲಿ ಕೇಳುವ ಮಕ್ಕಳಿಗೆ ಅದು ದಶಕಗಳ ಅಳತೆಯಲ್ಲಿ ನೋಡಬೇಕಾದ ವಿಷಯವೆಂದು ಆಗ ಹೊಳೆಯುತ್ತದೆ. ಹಳೆಯ ಚಿತ್ರಗಳು ಮಸುಕಾಗಿರುವುದರಿಂದ ಒಂದೊಂದು ಮನೆಯನ್ನು ಹುಡುಕಲು ಹೋಗಬಾರದು. ನೆಟ್ ಚೆನ್ನಾಗಿರುವ ಕಡೆ ಕುಳಿತು ಸ್ಕ್ರೀನ್ ರೆಕಾರ್ಡ್ ಮಾಡಿ ಶಾಲೆಗೆ ಒಯ್ಯುವುದು ನನ್ನ ಪದ್ಧತಿ.

ಪ್ರಾಥಮಿಕ ಶಾಲೆಯ ಸಹೋದ್ಯೋಗಿಗಳಿಗೆ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ಅನ್ನು ಸೂಚಿಸುತ್ತೇನೆ. ಓದುವ ಹಂತಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳನ್ನು ಅಲ್ಲಿಂದ ಇಳಿಸಿಕೊಂಡು ಮುದ್ರಿಸಬಹುದು, ಅನುವಾದಿಸಬಹುದು. ಅದರ ಪರವಾನಗಿಯೇ ಅದಕ್ಕೆ ಅವಕಾಶ ಕೊಡುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತನಾಡುವ ಮಕ್ಕಳಿಂದಲೇ ಆ ಕಥೆಗಳನ್ನು ಮನೆಮಾತಿಗೆ ಹೇಳಿಸಿದರೆ ಒಂದನೆಯ, ಎರಡನೆಯ ತರಗತಿಗಳಲ್ಲಿ ಆಗುವ ಲಾಭ ದೊಡ್ಡದು. ಕಿರುಪರೀಕ್ಷೆಗೆ ಪ್ಲಿಕರ್ಸ್ ಸಾಕು: ಮಕ್ಕಳ ಕೈಯಲ್ಲಿ ಮುದ್ರಿತ ಕಾರ್ಡ್, ಶಿಕ್ಷಕರ ಕೈಯಲ್ಲಿ ಒಂದೇ ಮೊಬೈಲ್, ಕಾರ್ಡನ್ನು ಯಾವ ಬದಿ ಮೇಲಾಗಿ ಹಿಡಿದರೋ ಅದೇ ಉತ್ತರ. ಉಚಿತ ಖಾತೆಗೆ ಮಿತಿಗಳಿವೆ, ಆದರೆ ಮಕ್ಕಳ ಹೆಸರಿನ ಬದಲು ಹಾಜರಿ ಸಂಖ್ಯೆ ಹಾಕಿದರೆ ನಡೆಯುತ್ತದೆ.

ಉಚಿತವೆಂದು ಸಿಗುವುದೆಲ್ಲ ಉಳಿಯುವುದಿಲ್ಲ ಎಂಬುದನ್ನು ಕೂಡ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೋವಿಡ್ ಕಾಲದಲ್ಲಿ ಅನೇಕ ಶಿಕ್ಷಕರು ನೆಚ್ಚಿಕೊಂಡಿದ್ದ ಆನ್‌ಲೈನ್ ಬರೆಯುವ ಹಲಗೆ ಗೂಗಲ್ ಜಾಮ್‌ಬೋರ್ಡ್ 2024ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ 2001ರಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಅವರ ಸ್ನಾತಕೋತ್ತರ ಪ್ರಬಂಧದ ಭಾಗವಾಗಿ ಹುಟ್ಟಿದ ಗಣಿತದ ತಂತ್ರಾಂಶ ಜಿಯೋಜೀಬ್ರಾವನ್ನು 2021ರಲ್ಲಿ ಬೈಜೂಸ್ ಕೊಂಡುಕೊಂಡಿತು. 2024ರಲ್ಲಿ ಬೈಜೂಸ್ ಕಂಪನಿಯೇ ದಿವಾಳಿತನದ ಪ್ರಕ್ರಿಯೆಗೆ ಸಿಲುಕಿತು. ಗಣಿತಕ್ಕೆ ಜಿಯೋಜೀಬ್ರಾದಷ್ಟು ಒಳ್ಳೆಯ ಉಚಿತ ಸಾಧನ ನನಗೆ ಗೊತ್ತಿಲ್ಲ, ಆದರೆ ಅದನ್ನು ಜಾಲತಾಣದಲ್ಲಿ ಮಾತ್ರ ಬಳಸುವವರಿಗೂ ಕಂಪ್ಯೂಟರ್‌ಗೆ ಇಳಿಸಿಟ್ಟುಕೊಂಡವರಿಗೂ ವ್ಯತ್ಯಾಸವಿದೆ. ಇನ್ನು ಮಕ್ಕಳಿಂದಲೇ ಇಮೇಲ್, ಜನ್ಮದಿನಾಂಕ, ಫೋಟೊ ಕೇಳುವ ಆ್ಯಪ್‌ಗಳ ಬಗ್ಗೆ ನನ್ನ ನಿಲುವು ಕಠಿಣವಾದದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯನ್ನು ಬಳಸಲು ಹೆತ್ತವರ ಅಥವಾ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಆ ಒಪ್ಪಿಗೆಯನ್ನು ಮಕ್ಕಳ ಪರವಾಗಿ ನಾವು ಶಿಕ್ಷಕರು ಒತ್ತಿಬಿಡಲು ನಮಗೆ ಯಾವ ಅಧಿಕಾರವೂ ಇಲ್ಲ.

ಸರಕಾರದ ಕಡೆಯಿಂದ ಏನೂ ಇಲ್ಲವೆಂದು ಹೇಳಲಾಗದು. 2017ರಲ್ಲಿ ಬಂದ ದೀಕ್ಷಾ ವೇದಿಕೆಯ ಪಾಠಗಳನ್ನು ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ತೆರೆಯಬಹುದು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ (ಡಿಎಸ್‌ಇಆರ್‌ಟಿ) ಜತೆಗೂಡಿ ರೂಪಿಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ನಮ್ಮ ರಾಜ್ಯದ ಶಿಕ್ಷಕರೇ ಕನ್ನಡದಲ್ಲಿ ಬರೆದ ಸಾಮಗ್ರಿಯಿದೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಹೊಸ ಪಟ್ಟಿಗಳನ್ನು ಓದಿ ಹೇಳುವ ಬದಲು, ಒಬ್ಬ ಶಿಕ್ಷಕರು ಒಂದು ಪಾಠವನ್ನು ಒಂದೇ ಸಾಧನದಿಂದ ಮಾಡಿ ತೋರಿಸಲಿ, ಹೊರಡುವ ಮೊದಲು ಎಲ್ಲರ ಪೆನ್‌ಡ್ರೈವ್‌ಗೂ ಆ ಕಡತವನ್ನು ಹಾಕಿಕೊಡಲಿ ಎಂಬುದು ನನ್ನ ಕೋರಿಕೆ.

ಇನ್ನೊಂದು ಕೆಲಸವನ್ನು ನಮ್ಮನ್ನು ಬಿಟ್ಟು ಬೇರಾರೂ ಮಾಡಲಾರರು. ಫೆಟ್‌ನ ಅನುವಾದಗಳನ್ನು ಮಾಡುವವರು ಸ್ವಯಂಸೇವಕರು. ಅದಕ್ಕೆಂದೇ ಅವರ ತಾಣದಲ್ಲಿ ಸೌಲಭ್ಯವಿದೆ, ಪ್ರೋಗ್ರಾಮಿಂಗ್ ತಿಳಿದಿರಬೇಕಾಗಿಲ್ಲ. ವಿಭವಾಂತರ, ರೋಧ, ಸಮಾಂತರ ಜೋಡಣೆ ಎಂದು ಹತ್ತನೆಯ ತರಗತಿಯ ಪುಸ್ತಕ ಯಾವ ಪದಗಳನ್ನು ಬಳಸುತ್ತದೆಯೋ ಅವೇ ಪದಗಳು ಪರದೆಯ ಮೇಲೂ ಬಂದರೆ ಮಾತ್ರ ಮಕ್ಕಳಿಗೆ ಪ್ರಯೋಜನ, ಮತ್ತು ಆ ಪದಗಳು ತರಗತಿಯಲ್ಲಿ ನಿಂತವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ವಿಜ್ಞಾನ ಶಿಕ್ಷಕರಲ್ಲಿ ಆಸಕ್ತರು ಇಲ್ಲಿ ಪ್ರತಿಕ್ರಿಯಿಸಿದರೆ, ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಪಾಠಗಳಿಗೆ ಹೊಂದುವ, ಕನ್ನಡಕ್ಕೆ ಇನ್ನೂ ಬಾರದ ಸಿಮ್ಯುಲೇಷನ್‌ಗಳನ್ನು ಗುರುತಿಸಿ ಹಂಚಿಕೊಳ್ಳೋಣ.