ನಂಬರ್ ಕಾಣದ ಅಂಗಿಗೆ ನೂರೊಂದು ಕಥೆ

ಆಗಸ್ಟ್ ಹತ್ತಿರ ಬಂತೆಂದರೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಹೊಗೆ ಏಳುತ್ತದೆ. ಗಾಬರಿ ಬೇಡ, ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ತೊಟ್ಟು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ) ತಂಡದ ಹೊಸ ಯೂನಿಫಾರ್ಮ್ ಬಿಡುಗಡೆಯ ವಿಡಿಯೊ ಅಷ್ಟೇ. ಕತ್ತಲೆ ಕೋಣೆ, ಹಿಂದಿನಿಂದ ನೀಲಿ ಬೆಳಕು, ಗುಡುಗುವ ದನಿಯೊಂದು. ನಗಬಾರದೆಂದು ಹೇಳಿಸಿಕೊಂಡು ಬಂದ ಹತ್ತೊಂಬತ್ತರ ಹುಡುಗನೊಬ್ಬ ಹೆಲ್ಮೆಟ್ ಎತ್ತಿ ಹಿಡಿದು ನಿಧಾನಕ್ಕೆ ಎಡಕ್ಕೆ ತಿರುಗುತ್ತಾನೆ, ಆಮೇಲೆ ಬಲಕ್ಕೆ. ಜತೆಗೊಂದು ಪತ್ರಿಕಾ ಪ್ರಕಟಣೆ: ಭುಜದ ಮೇಲಿನ ಗೆರೆ ಊರ ಪಕ್ಕದ ನದಿಯಂತೆ, ತೊಡೆಯ ಮೇಲಿನ ಚುಕ್ಕಿ ಕಾಲೇಜು ಹುಟ್ಟಿದ ವರ್ಷವಂತೆ, ಕಾಲರಿನ ಒಳಹೊಲಿಗೆ ಹಿರಿಯರ ಬೆವರಂತೆ. ಒಂದು ಪ್ಯಾಂಟಿನೊಳಗೆ ಇಷ್ಟು ಸ್ಥಳಪುರಾಣ ತುಂಬುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ. ಎಲ್ಲ ಮುಗಿದ ಮೇಲೆ ಒಂದು ಸಣ್ಣ ಸಂದೇಹ ಮಾತ್ರ ಉಳಿಯುತ್ತದೆ. ಬೆನ್ನ ಮೇಲಿರುವುದು 38ಓ 88ಓ?

ಈ ಜಾತ್ರೆಯ ಮೂಲಸ್ಥಾನ ಆರೆಗಾನ್. 1996ರ ಜನವರಿ 1ರಂದು ಕಾಟನ್ ಬೌಲ್ ಪಂದ್ಯದಲ್ಲಿ ಆರೆಗಾನ್ ವಿಶ್ವವಿದ್ಯಾಲಯದ ತಂಡ ಕೊಲೊರಾಡೊ ಕೈಲಿ 38–6ರಿಂದ ಚಚ್ಚಿಸಿಕೊಂಡಿತು. ಅಲ್ಲಿಯ ಹಳೇ ವಿದ್ಯಾರ್ಥಿ, ನೈಕಿ ಕಂಪನಿಯ ಸಹಸಂಸ್ಥಾಪಕ ಫಿಲ್ ನೈಟ್ ಅವರಿಗೆ ಕರುಳು ಚುರುಕ್ ಎಂದಿತು. ಮೊದಲು ಸೂರಿನಡಿಯ ಅಭ್ಯಾಸದ ಅಂಗಣ ಬಂತು, 1999ರಲ್ಲಿ ಹೊಸ ಲಾಂಛನ, ಹೊಸ ಬಟ್ಟೆ ಬಂತು. ಅಲ್ಲಿಂದ ಮುಂದೆ ಕಪ್ಪು, ಬೂದಿ, ಬೆಳ್ಳಿ, ಕಣ್ಣು ಕುಕ್ಕುವ ನಿಯಾನ್ ಹಳದಿ, ಭುಜದ ಮೇಲೆ ರೆಕ್ಕೆ. ಕಾಲೇಜಿನ ಬಣ್ಣ ಹಸಿರು–ಹಳದಿ ಎಂಬುದು ಈಗ ಇತಿಹಾಸ ವಿಭಾಗದವರ ಆಸಕ್ತಿಯ ವಿಷಯ. 2015ರ ಜನವರಿಯಲ್ಲಿ, ರಾಷ್ಟ್ರೀಯ ಚಾಂಪಿಯನ್‌ಷಿಪ್ ಫೈನಲ್‌ನಂಥ ಫೈನಲ್‌ನಲ್ಲಿ, ಆ ತಂಡ ಬಿಳಿ ಮತ್ತು ಬೂದು ತೊಟ್ಟು ಬಂತು. ಹಸಿರೂ ಇಲ್ಲ, ಹಳದಿಯೂ ಇಲ್ಲ. ಓಹಾಯೊ ಸ್ಟೇಟ್ 42–20ರಿಂದ ಗೆದ್ದುಕೊಂಡು ಹೋಯಿತು. ಬಟ್ಟೆಯಿಂದಲೇ ಸೋತರು ಎನ್ನುವಷ್ಟು ಮೂರ್ಖರು ನಾವಲ್ಲ. ಆದರೆ ಬಟ್ಟೆಯಿಂದಲೇ ಗೆಲ್ಲುತ್ತೇವೆ ಎಂದು ಇಪ್ಪತ್ತು ವರ್ಷ ಹೇಳಿಕೊಂಡು ಬಂದವರು ಅವರೇ ತಾನೆ?

‘ಹೈಸ್ಕೂಲು ಮುಗಿಸುವ ಹುಡುಗರನ್ನು ಸೆಳೆಯಲು ಇದೆಲ್ಲ ಬೇಕೇ ಬೇಕು’ ಎನ್ನುವುದು ಸಿದ್ಧ ಉತ್ತರ. ಹದಿನೇಳರ ಹುಡುಗರು ಹೊಳೆಯುವುದನ್ನು ಇಷ್ಟಪಡುತ್ತಾರೆ, ನಿಜ. ಅದೇ ವಾದವನ್ನು ಅಲಬಾಮಾಕ್ಕೆ ಒಯ್ದು ನೋಡಿ. ಕೆಂಪು ಹೆಲ್ಮೆಟ್, ಪಕ್ಕದಲ್ಲಿ ಆಟಗಾರನ ನಂಬರ್, ಮುಗೀತು. ಗೆಳತಿಯೂ ಗುರುತು ಹಿಡಿಯಬಹುದಾದ ಈ ಹೆಲ್ಮೆಟ್ ತೊಟ್ಟೇ ಅವರು 2009ರಿಂದ 2020ರ ನಡುವಿನ ಸೀಸನ್‌ಗಳಲ್ಲಿ ಆರು ರಾಷ್ಟ್ರೀಯ ಪ್ರಶಸ್ತಿ ಬಾಚಿಕೊಂಡರು. ದೇಶದ ಅತ್ಯುತ್ತಮ ಹುಡುಗರೆಲ್ಲ ಸಾಲುಗಟ್ಟಿ ಅಲ್ಲಿಗೇ ಹೋದರು. ಅವರಿಗೆ ಫ್ಯಾಷನ್ ಪ್ರಜ್ಞೆ ಇರಲಿಲ್ಲವೋ ಏನೋ.

ಮೇರಿಲ್ಯಾಂಡ್ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಮೃದು ಧೋರಣೆ. 2011ರ ಸೆಪ್ಟೆಂಬರ್ 5, ಎದುರಾಳಿ ಮಯಾಮಿ. ಬಟ್ಟೆ ಹೊಲಿದದ್ದು ಕ್ರೀಡಾ ಉಡುಪಿನ ಕಂಪನಿ ಅಂಡರ್ ಆರ್ಮರ್; ಅದರ ಸ್ಥಾಪಕ ಕೆವಿನ್ ಪ್ಲಾಂಕ್ ಇದೇ ಕಾಲೇಜಿಗೆ ಆಡಿದವರು. ಹೆಲ್ಮೆಟ್ಟಿನ ಅರ್ಧ ಭಾಗಕ್ಕೆ ರಾಜ್ಯ ಧ್ವಜದ ಕಪ್ಪು–ಹಳದಿ ಚೌಕಳಿ, ಇನ್ನರ್ಧಕ್ಕೆ ಕೆಂಪು–ಬಿಳುಪಿನ ಶಿಲುಬೆ. ಭುಜಗಳದ್ದೂ ಅದೇ ಕಥೆ. ಎಡದಿಂದ ನೋಡಿದರೆ ಒಂದು ತಂಡ, ಬಲದಿಂದ ನೋಡಿದರೆ ಇನ್ನೊಂದು. ದೇಶವೇ ಬಿದ್ದು ಬಿದ್ದು ನಕ್ಕಿತು. ಆದರೂ ಧ್ವಜದಲ್ಲಿರುವ ಆ ಕಾಲ್ವರ್ಟ್ ಮತ್ತು ಕ್ರಾಸ್‌ಲ್ಯಾಂಡ್ ಮನೆತನಗಳ ಬಣ್ಣಗಳು ನಿಜಕ್ಕೂ ಆ ರಾಜ್ಯದವು, ಯಾರೋ ಮೀಟಿಂಗಿನಲ್ಲಿ ಹುಟ್ಟಿಸಿದವಲ್ಲ. ಅಷ್ಟೇ ಅಲ್ಲ, ಪಂದ್ಯವನ್ನು 32–24ರಿಂದ ಗೆದ್ದರು ಕೂಡ. ಕೆಟ್ಟದಾಗಿ ಕಂಡರೂ ಧೈರ್ಯವಾಗಿ ಕೆಟ್ಟದಾಗಿ ಕಂಡರು. ಕಾಯಿಲೆಯೆಂದರೆ ಅದನ್ನು ನೋಡಿ ಉಳಿದವರೆಲ್ಲ ಹಿಡಿದ ದಾರಿ: ಇದ್ದಿಲು ಬಣ್ಣದ ಅಂಗಿ, ಅದರ ಮೇಲೆ ಕಬ್ಬಿಣದ ಬಣ್ಣದ ನಂಬರ್. ಎಲ್ಲ ಕಾಲೇಜಿಗೂ ಒಂದೇ ಬೂದಿ.

ಈಗ ನಿಯಮಕ್ಕೆ ಬರೋಣ. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಎನ್‌ಸಿಎಎಯ ನಿಯಮ ಪುಸ್ತಕದಲ್ಲಿ ಸ್ಪಷ್ಟವಾಗಿದೆ: ಎದೆಯ ಮೇಲಿನ ನಂಬರ್ ಕನಿಷ್ಠ 8 ಇಂಚು, ಬೆನ್ನಿನದು 10 ಇಂಚು. ಅಂಚಿನ ಬಣ್ಣ ಲೆಕ್ಕಕ್ಕಿಲ್ಲ, ಅಂಕಿಯದೇ ಬಣ್ಣ ಅಂಗಿಗಿಂತ ಎದ್ದು ಕಾಣಬೇಕು. ‘ಅಂಚಿನ ಬಣ್ಣ ಲೆಕ್ಕಕ್ಕಿಲ್ಲ’ ಎಂದು ಬರೆಯಬೇಕಾಗಿ ಬಂತೆಂದರೆ ಯಾರೋ ಕಪ್ಪು ಅಂಗಿಯ ಮೇಲೆ ಕಪ್ಪು ಅಂಕಿ ಬರೆದು, ಸುತ್ತ ಒಂದು ತೆಳು ಗೆರೆ ಎಳೆದು, ‘ಕಾಣುತ್ತಲ್ಲ ಸ್ವಾಮಿ’ ಎಂದಿರಬೇಕು. ಇದು ಬರೀ ಪ್ರೇಕ್ಷಕರ ಕಣ್ಣಿನ ಪ್ರಶ್ನೆಯಲ್ಲ. ಈ ಆಟದಲ್ಲಿ 50ರಿಂದ 79ರವರೆಗಿನ ನಂಬರ್ ತೊಟ್ಟವನು ಮುಂದಕ್ಕೆ ಎಸೆದ ಪಾಸ್ ಹಿಡಿಯುವಂತಿಲ್ಲ. ಅಂಪೈರ್‌ಗಳ ತೀರ್ಪು, ಎದುರಾಳಿ ರಕ್ಷಕರು ಯಾರನ್ನು ಕಾಯಬೇಕು ಎಂಬ ಲೆಕ್ಕ, ಎರಡೂ ಆ ಎರಡಂಕಿಯ ಮೇಲೆ ನಿಂತಿವೆ. ಜತೆಗೆ ಇಂದಿನ ಜೆರ್ಸಿ ಮೈಗಂಟುವ, ಎಳೆದಷ್ಟೂ ಹಿಗ್ಗುವ ಬಟ್ಟೆ. ಶೋಲ್ಡರ್ ಪ್ಯಾಡ್ ಮೇಲೆ ಬಿಗಿದು ಎಳೆದಾಗ ಎದೆಯ ಅಂಕಿ ಮಡಚಿಕೊಳ್ಳುತ್ತದೆ. ಅದರ ಮೇಲೆ ‘ನಮ್ಮದೇ ಫಾಂಟ್’ ಎಂದು ಮೂಲೆ ಕತ್ತರಿಸಿ, ನಡುವೆ ಸೀಳು ಬಿಟ್ಟ ಅಕ್ಷರಶೈಲಿ. 3, 6, 8, 9 ನಾಲ್ಕೂ ಒಂದೇ ತಾಯಿಯ ಮಕ್ಕಳು. ಪ್ರೆಸ್ ಬಾಕ್ಸ್‌ನಲ್ಲಿ ದುರ್ಬೀನು ಹಿಡಿದು ಕೂತ ಅಂಕಿಅಂಶದವರ ಶಾಪವೆಲ್ಲ ಯಾರಿಗೆ ತಟ್ಟುತ್ತದೋ.

ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯ ಈ ಸಮಸ್ಯೆಯನ್ನು ಬುಡಸಮೇತ ಕಿತ್ತಿತು. 2022ರ ವಸಂತಕಾಲದ ಪ್ರದರ್ಶನ ಪಂದ್ಯದಲ್ಲಿ ಬೆನ್ನಿನ ಮೇಲೆ ನಂಬರೇ ಇಲ್ಲ, ಕ್ಯೂಆರ್ ಕೋಡ್! ಸ್ಕ್ಯಾನ್ ಮಾಡಿದರೆ ಆಟಗಾರನ ಪುಟ ತೆರೆಯುತ್ತದೆ. ಎಳನೀರು ಗಾಡಿಯ ಕೋಡ್ ಆದರೂ ನಿಂತಲ್ಲಿ ನಿಂತಿರುತ್ತದೆ. ನೂರು ಕಿಲೋ ಮೇಲ್ಪಟ್ಟವನು ಓಡುತ್ತಿರುವಾಗ ಅವನ ಬೆನ್ನಿಗೆ ಫೋನ್ ಹಿಡಿಯುವುದು ಹೇಗೆಂದು ಪ್ರಕಟಣೆಯಲ್ಲಿ ಹೇಳಿರಲಿಲ್ಲ.

ಬಣ್ಣದ ಬಗ್ಗೆ ಸಿಟ್ಟಿದೆ ಎಂದು ತಿಳಿಯಬೇಡಿ. ಈ ಆಟದ ಅತಿ ಚಂದದ ದೃಶ್ಯಕ್ಕೆ ಹೊಸ ಬಟ್ಟೆಯೇ ಬೇಕಿರಲಿಲ್ಲ. ಹೊರಗಿನ ತಂಡ ಬಿಳಿ ತೊಡಬೇಕೆಂಬುದು ಅಂದಿನ ನಿಯಮ. 2008ರಲ್ಲಿ ಲಾಸ್ ಏಂಜಲೀಸ್‌ನ ಯುಎಸ್‌ಸಿ ವಿಶ್ವವಿದ್ಯಾಲಯದ ತಂಡ ಬೇಕೆಂದೇ ತನ್ನ ಕಡುಗೆಂಪು ಅಂಗಿಯಲ್ಲೇ ಅದೇ ಊರಿನ ಎದುರಾಳಿ ಯುಸಿಎಲ್‌ಎ ವಿಶ್ವವಿದ್ಯಾಲಯದ ಅಂಗಣಕ್ಕೆ ಬಂತು, ದಂಡವಾಗಿ ಒಂದು ಟೈಮ್‌ಔಟ್ ಕಳೆದುಕೊಂಡಿತು. ಎದುರಾಳಿ ಕೋಚ್ ರಿಕ್ ನ್ಯೂಹೈಸಲ್ ಲೆಕ್ಕ ಸಮವಾಗಲೆಂದು ತಮ್ಮದೂ ಒಂದು ಟೈಮ್‌ಔಟ್ ಬಿಟ್ಟುಕೊಟ್ಟರು. ಕೆಂಪಿಗೆ ಎದುರಾಗಿ ತಿಳಿನೀಲಿ, ಎರಡೂ ತಂಡ ತಮ್ಮ ತಮ್ಮ ಮನೆಯ ಬಣ್ಣದಲ್ಲಿ. ಮರುವರ್ಷ ನಿಯಮವೇ ಸಡಿಲವಾಯಿತು. ಖರ್ಚು ಸೊನ್ನೆ, ಹೊಗೆಯಿಲ್ಲ, ಕಥೆಯಿಲ್ಲ. ನಮ್ಮ ಆರ್‌ಸಿಬಿ 2011ರಿಂದ ವರ್ಷಕ್ಕೊಮ್ಮೆ ಹಸಿರು ತೊಡುತ್ತದಲ್ಲ, ಅದನ್ನೂ ಇದೇ ಲೆಕ್ಕಕ್ಕೆ ಸೇರಿಸಿ: ಒಂದು ದಿನ, ಒಂದು ಬಣ್ಣ, ಒಂದೇ ಸಾಲಿನ ಕಾರಣ. ಇನ್ನು ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯದ್ದು ಬೇರೆ ಬಗೆಯ ಚೇಷ್ಟೆ. ಅಲ್ಲಿ ಮೈದಾನವೇ 1986ರಿಂದ ನೀಲಿ. ಅದರ ಮೇಲೆ ತಲೆಯಿಂದ ಕಾಲಿನವರೆಗೆ ನೀಲಿ ತೊಟ್ಟ ಹುಡುಗರು ಎದುರಾಳಿಯ ಕಣ್ಣಿಗೆ ಸಿಗುವುದಿಲ್ಲವೆಂದು ಅದು ಆಡುತ್ತಿದ್ದ ಲೀಗ್ ನಡೆಸುವ ಮೌಂಟನ್ ವೆಸ್ಟ್ ಒಕ್ಕೂಟ ತವರಿನ ಲೀಗ್ ಪಂದ್ಯಗಳಿಗೆ ಪೂರ್ತಿ ನೀಲಿಯನ್ನು ಕೆಲಕಾಲ ನಿಷೇಧಿಸಿತ್ತು. ಹುಲ್ಲಿನ ಬಣ್ಣ ಬಿಟ್ಟು ಅಂಗಿಯ ಬಣ್ಣ ನಿಷೇಧಿಸಿದ ಆ ಸಮಿತಿಯ ವಿವೇಕಕ್ಕೆ ನಮಸ್ಕಾರ.

ವಿಡಿಯೊದಲ್ಲಿ ಎಂದೂ ಕಾಣದವರು ಇಕ್ವಿಪ್‌ಮೆಂಟ್ ರೂಮಿನವರು. ನೂರರ ಮೇಲೆ ಹುಡುಗರು, ಪ್ರತಿಯೊಬ್ಬರಿಗೂ ಇನ್ನೊಂದು ಹೆಲ್ಮೆಟ್, ಒಂದೊಂದಕ್ಕೆ 400 ಡಾಲರ್‌ಗೂ ಮೇಲೆ. ಚಿಪ್ಪು ಪಾಲಿಕಾರ್ಬೊನೇಟ್. ಸಿಕ್ಕ ಸಿಕ್ಕ ಪೇಂಟ್ ಬಳಿಯುವಂತಿಲ್ಲ, ಅದರ ಥಿನ್ನರ್ ಚಿಪ್ಪನ್ನೇ ತಿಂದು ಬಿರುಕು ತರಿಸುತ್ತದೆ. ತಯಾರಕರು ಒಪ್ಪಿದ ಬಣ್ಣವೇ ಆಗಬೇಕು. ಸ್ಟಿಕ್ಕರ್ ಅಂಟಿಸುವುದಾದರೆ ಮೊದಲು ಆಲ್ಕೊಹಾಲ್‌ನಿಂದ ಒರೆಸಬೇಕು, ಸೋಪುನೀರು ಚಿಮುಕಿಸಿ ಜಾರಿಸಿ ಜಾಗಕ್ಕೆ ತರಬೇಕು, ಗುಳ್ಳೆ ಹೊರಗೆ ತಳ್ಳಬೇಕು, ದುಂಡನೆಯ ಜಾಗದಲ್ಲಿ ಹೇರ್ ಡ್ರೈಯರ್ ಹಿಡಿದು ಕೂರಿಸಬೇಕು, ಗಾಳಿಯ ತೂತು ಮತ್ತು ಸ್ಕ್ರೂ ಇರುವಲ್ಲಿ ಬ್ಲೇಡಿನಿಂದ ಕೊರೆಯಬೇಕು. ಮ್ಯಾಟ್ ಬಣ್ಣವಾದರೆ ಇನ್ನೊಂದು ಪೀಡೆ: ಎದುರಾಳಿಯ ಹೆಲ್ಮೆಟ್ ಉಜ್ಜಿ ಬಿದ್ದ ಗೀರನ್ನು ತಿಕ್ಕಿ ತೆಗೆದರೆ ಅಷ್ಟು ಜಾಗ ಮಾತ್ರ ಮಿರಿಮಿರಿ ಹೊಳೆಯುತ್ತದೆ. ಇನ್ನು ಕ್ರೋಮ್. ಗೀರು ಬಿದ್ದರೆ ಮುಚ್ಚುವ ದಾರಿಯಿಲ್ಲ, ಫ್ಲಡ್‌ಲೈಟಿನಡಿ ಅದು ಎಲ್ಲರ ಕಣ್ಣಿಗೂ ಹೊಡೆಯುತ್ತದೆ. ಎಲ್ಲಕ್ಕಿಂತ ಮುಖ್ಯ ಮಾತು ಒಳಗಿನ ಪ್ಯಾಡಿನದು. ವಾರಪೂರ್ತಿ ತೊಟ್ಟು ತಲೆಗೆ ಒಗ್ಗಿದ ಹೆಲ್ಮೆಟ್ ಬಿಟ್ಟು ಶನಿವಾರ ಹೊಸದು ಹಾಕಿದರೆ ದವಡೆಯ ಪ್ಯಾಡ್, ಗಾಳಿ ತುಂಬುವ ಚೀಲ, ಗಲ್ಲದ ಪಟ್ಟಿ ಎಲ್ಲವನ್ನೂ ತಲೆತಲೆಗೆ ಮತ್ತೆ ಹೊಂದಿಸಬೇಕು. ಸಡಿಲವಾದ ಹೆಲ್ಮೆಟ್ ಮೊದಲ ಡಿಕ್ಕಿಗೇ ಹಾರುತ್ತದೆ. ಮಿದುಳಿನ ಪೆಟ್ಟಿನ ಬಗ್ಗೆ ವಿಚಾರ ಸಂಕಿರಣ ನಡೆಸುವ ಅದೇ ವಿಶ್ವವಿದ್ಯಾಲಯಗಳು ಒಂದೇ ಸೀಸನ್‌ನಲ್ಲಿ ಮೂರು ನಾಲ್ಕು ಹೆಲ್ಮೆಟ್ ಬದಲಿಸುತ್ತವೆ.

ಕಥೆ ಹೇಳುವ ಚಟ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ 2013ರ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಸಾಕು. ಗಾಯಗೊಂಡ ಸೈನಿಕರ ನೆರವಿಗೆಂದು ರಾಷ್ಟ್ರಧ್ವಜದ ವಿನ್ಯಾಸದ ಅಂಗಿ ಹೊಲಿಸಿದರು. ಧ್ವಜ ಹಳೆಯದಾಗಿ, ಸವೆದಂತೆ ಕಾಣಲೆಂದು ಕೆಂಪನ್ನು ಅಲ್ಲಲ್ಲಿ ಕದಡಿದರು. ನೋಡಿದವರಿಗೆ ಕಂಡದ್ದು ಮೈಮೇಲೆ ರಕ್ತ ಚಿಮ್ಮಿದ ಹುಡುಗರು. ಬೆನ್ನಿನಲ್ಲಿ ಹೆಸರಿನ ಬದಲು ‘ಕರ್ತವ್ಯ’, ‘ಗೌರವ’, ‘ಧೈರ್ಯ’ದಂಥ ಪದಗಳು. ಕರ್ತವ್ಯ ಎಡವಿ ಬಿತ್ತು, ಧೈರ್ಯ ಚೆಂಡು ಕೈಬಿಟ್ಟಿತು ಎಂದು ಕಾಮೆಂಟರಿ ಹೇಳಬಹುದಿತ್ತು. ಮಿಷಿಗನ್ ಮೂರು ಓವರ್‌ಟೈಮ್ ಆಡಿಸಿ 27–19ರಿಂದ ಗೆದ್ದಿತು. ಆರ್ಮಿ–ನೇವಿ ಪಂದ್ಯದವರು ಪ್ರತಿ ಡಿಸೆಂಬರ್‌ನಲ್ಲಿ ಇಂಥದೇ ವೇಷ ಹಾಕುತ್ತಾರೆ, ಅವರನ್ನು ಬಿಟ್ಟುಬಿಡೋಣ. ಆ ಹುಡುಗರು ಓದು ಮುಗಿಸಿ ನಿಜಕ್ಕೂ ಸೇನೆಗೆ ಹೋಗುವವರು.

ಇಲ್ಲಿಯವರೆಗೆ ನಗಬಹುದು. 2010ಕ್ಕೆ ಬಂದರೆ ಆಗುವುದಿಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯದ ರಿಸೀವರ್ (ಪಾಸ್ ಹಿಡಿಯುವ ಆಟಗಾರ) ಎ.ಜೆ. ಗ್ರೀನ್ ತಾನು ಆಡಿದ, ತನ್ನ ಬೆವರು ಕುಡಿದ ಒಂದು ಜೆರ್ಸಿಯನ್ನು 1,000 ಡಾಲರ್‌ಗೆ ಮಾರಿದ. ಕಾಲೇಜು ಆಟಗಾರ ಹೀಗೆ ದುಡ್ಡು ಮಾಡುವಂತಿಲ್ಲ ಎಂದು ಎನ್‌ಸಿಎಎ ನಾಲ್ಕು ಪಂದ್ಯ ಹೊರಗೆ ಕೂರಿಸಿತು. ಅವನ 8ನೇ ನಂಬರಿನ ಜೆರ್ಸಿ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವಂತೆ ತೂಗುತ್ತಿತ್ತು. ಮಾರುವ ಹಕ್ಕು ಇಲ್ಲದವನು ಅವನೊಬ್ಬನೇ. ಅದೇ ವರ್ಷ ಓಹಾಯೊ ಸ್ಟೇಟ್‌ನ ಐವರು ಇಂಥವೇ ವಸ್ತುಗಳನ್ನು ಮಾರಿ, ಹಚ್ಚೆ ಹಾಕಿಸಿಕೊಂಡು ಸಿಕ್ಕಿಬಿದ್ದರು. ತಲಾ ಐದು ಪಂದ್ಯ. 2013ರಲ್ಲಿ ಟಿವಿ ವಿಶ್ಲೇಷಕ ಜೇ ಬಿಲಸ್ ಎನ್‌ಸಿಎಎಯದೇ ಆನ್‌ಲೈನ್ ಅಂಗಡಿಯಲ್ಲಿ ಆಟಗಾರರ ಹೆಸರು ಟೈಪ್ ಮಾಡಿ ತೋರಿಸಿದರು: ಹೆಸರು ಹುಡುಕಿದರೆ ಅವರವರ ನಂಬರಿನ ಜೆರ್ಸಿಯೇ ಎದುರಿಗೆ ಬರುತ್ತಿತ್ತು. ಹೆಸರಿಗೂ ನಂಬರಿಗೂ ಸಂಬಂಧವೇ ಇಲ್ಲ ಎಂದು ಪ್ರಮಾಣ ಮಾಡುತ್ತಿದ್ದ ಸಂಸ್ಥೆ ಅದು. ಇದನ್ನು ವ್ಯಂಗ್ಯವಾಗಿ ಹೇಳಲು ಬರುವುದಿಲ್ಲ. ಇದು ಕಳ್ಳತನ. ಹುಡುಗರ ಹೆಸರಿನಿಂದ ದುಡಿದು, ಅವರು ಒಂದು ಅಂಗಿ ಮಾರಿದಾಗ ಅವರನ್ನೇ ಕಳ್ಳರೆಂದರು. 2021ರ ಜುಲೈ 1ರಿಂದ ಅವರು ತಮ್ಮ ಹೆಸರಿನಿಂದ ಗಳಿಸಬಹುದು. ಗ್ರೀನ್‌ನ ನಾಲ್ಕು ಪಂದ್ಯಗಳನ್ನು ಯಾರೂ ವಾಪಸು ಕೊಡಲಿಲ್ಲ.

ಕಂಪನಿಗಳ ಪ್ರೀತಿಯೂ ಎಷ್ಟು ದಿನದ್ದೆಂದು ಯುಸಿಎಲ್‌ಎಗೆ ಗೊತ್ತು. 2016ರಲ್ಲಿ ಅಂಡರ್ ಆರ್ಮರ್ ಜತೆ 15 ವರ್ಷಕ್ಕೆ 28 ಕೋಟಿ ಡಾಲರ್ ಒಪ್ಪಂದ, ಭಾಷಣ, ಆಲಿಂಗನ. 2020ರಲ್ಲಿ ಕಂಪನಿ ಕೈಕೊಟ್ಟಿತು. ಕೋರ್ಟಿಗೆ ಹೋಗಿ, 2022ರಲ್ಲಿ 6.7 ಕೋಟಿ ಡಾಲರ್ ಚಿಲ್ಲರೆಗೆ ರಾಜಿಯಾಯಿತು.

ಅಷ್ಟು ದೊಡ್ಡ ಒಪ್ಪಂದ ಸಿಗದ ಮಧ್ಯಮ ದರ್ಜೆಯ ಸರಕಾರಿ ವಿಶ್ವವಿದ್ಯಾಲಯಗಳು ಈ ಮೆರವಣಿಗೆಗೆ ದುಡ್ಡು ಎಲ್ಲಿಂದ ತರುತ್ತವೆ? ಎಂಎಸ್ ಮಾಡಲು ಮಕ್ಕಳನ್ನು ಕಳಿಸಿರುವ ಬೆಂಗಳೂರು, ಹುಬ್ಬಳ್ಳಿಯ ತಂದೆತಾಯಂದಿರು ಸೆಮಿಸ್ಟರ್ ಬಿಲ್ಲನ್ನೊಮ್ಮೆ ಪೂರ್ತಿ ಓದಬೇಕು. ಟ್ಯೂಷನ್, ಆರೋಗ್ಯ, ತಂತ್ರಜ್ಞಾನ ಎಂದು ಸಾಲುಸಾಲು ಶುಲ್ಕಗಳ ನಡುವೆ ಎಷ್ಟೋ ಕಡೆ ಅಥ್ಲೆಟಿಕ್ಸ್ ಫೀ ಎಂಬ ಸಾಲೂ ಇರುತ್ತದೆ. ಪಂದ್ಯ ನೋಡಿದರೂ ಕಟ್ಟಬೇಕು, ಗ್ರಂಥಾಲಯ ಬಿಟ್ಟು ಏಳದಿದ್ದರೂ ಕಟ್ಟಬೇಕು. ಅದರಲ್ಲಿ ಮ್ಯಾಟ್ ಕಪ್ಪು ಹೆಲ್ಮೆಟ್ಟಿನ ಪಾಲೆಷ್ಟು ಎಂದು ಫೀ ಆಫೀಸಿಗೆ ಒಂದು ಇಮೇಲ್ ಹಾಕಿಸಿ ನೋಡಿ.