ನೂರಕ್ಕೆ ಎಂಬತ್ತು ಅಂಕ ಬಂದರೆ ನಡೆಯೋಕೆ ಆಗುತ್ತಾ?

ಊರಿನ ಮ್ಯಾಪಿಗೆ ಹಸಿರು, ಹಳದಿ, ಕೆಂಪು ಬಳಿದು ‘ಇಲ್ಲಿ ಆರಾಮಾಗಿ ನಡೆಯಬಹುದು, ಅಲ್ಲಿ ಕಷ್ಟ’ ಅಂತ ತೋರಿಸುವ ಚಿತ್ರಗಳು ಈಚೆಗೆ ಜಾಸ್ತಿ ಓಡಾಡುತ್ತಿವೆ. ನನಗೂ ಇಷ್ಟವೇ. ಆದರೆ ಆ ಬಣ್ಣಗಳ ಹಿಂದೆ ಪ್ರತಿ ಜಾಗಕ್ಕೂ ಕೊಟ್ಟ ಅಂಕ ಏನನ್ನು ಅಳೆದು ಬಂತು ಅಂತ ಕೇಳುವವರು ಕಡಿಮೆ.

ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ. 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಆನ್‌ಲೈನ್ ಮ್ಯಾಪಿನಿಂದ ರಸ್ತೆಗಳನ್ನು ಇಳಿಸಿಕೊಳ್ಳುತ್ತಾರೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದರೆ ಇದಕ್ಕೆಂದೇ ಬರೆದಿಟ್ಟ ಓಎಸ್‌ಎಮ್‌ಎನ್‌ಎಕ್ಸ್ ಲೈಬ್ರರಿ ಇದೆ, ಕೆಲವೇ ಸಾಲಿನ ಕೆಲಸ. ಆಮೇಲೆ ಅಂಗಡಿ, ಶಾಲೆ, ಪಾರ್ಕ್, ಬಸ್ ಸ್ಟಾಪ್ ಎಷ್ಟು ದೂರ ಅಂತ ರಸ್ತೆ ಹಿಡಿದು ಅಳೆಯುತ್ತಾರೆ. ಐದು ನಿಮಿಷದ ನಡಿಗೆ ಅಂದರೆ ಸುಮಾರು 400 ಮೀಟರ್. ಜೊತೆಗೆ ಚದರ ಕಿಲೋಮೀಟರಿಗೆ ಎಷ್ಟು ಕೂಡುರಸ್ತೆ ಅಂತ ಎಣಿಸುತ್ತಾರೆ, ಯಾಕಂದರೆ ಅವು ಹತ್ತಿರ ಹತ್ತಿರ ಇದ್ದಷ್ಟೂ ಸುತ್ತು ಕಡಿಮೆ. ಸುಮ್ನೆ ಸ್ಕೇಲ್ ಇಟ್ಟು ಗೆರೆ ಎಳೆಯುವುದಕ್ಕಿಂತ ಎಷ್ಟೋ ವಾಸಿ, ಅಲ್ವಾ? ಆದರೆ ಅಂಗಡಿ ಹತ್ತಿರ ಇದೆ ಅನ್ನೋದು ಲೆಕ್ಕಕ್ಕೆ ಬಂತು, ಅಲ್ಲಿಗೆ ಹೋಗುವ ದಾರಿ ಹೇಗಿದೆ ಅನ್ನೋದು ಬರಲೇ ಇಲ್ಲ.

ರಸ್ತೆ ದಾಟುವುದನ್ನೇ ತಗೊಳ್ಳಿ. ಅಗಲವಾದ ರಸ್ತೆಯನ್ನು ಒಂದೇ ಗೆರೆಯಾಗಿ ಎಳೆದಿದ್ದರೆ ಆಚೆ ಬದಿಯ ಮನೆ, ಈಚೆ ಬದಿಯ ಅಂಗಡಿ ಎರಡೂ ಅದೇ ಗೆರೆಗೆ ಅಂಟಿಕೊಳ್ಳುತ್ತವೆ. ಪ್ರೋಗ್ರಾಮಿನ ಪ್ರಕಾರ ದಾಟೋದಕ್ಕೆ ಸೊನ್ನೆ ಮೀಟರ್! ಅದೇ ರಸ್ತೆಯನ್ನು ಡಿವೈಡರ್ ಇದೆ ಅಂತ ಎರಡು ಗೆರೆಯಾಗಿ ಎಳೆದು, ನಡುವಿನ ಜೀಬ್ರಾ ಕ್ರಾಸಿಂಗನ್ನು ಯಾರೂ ಸೇರಿಸದೆ ಬಿಟ್ಟಿದ್ದರೆ, ಎದುರಿಗೇ ಕಾಣುವ ಅಂಗಡಿಗೆ ಮುಂದಿನ ಸರ್ಕಲ್ ಸುತ್ತಿಕೊಂಡು ಹೋಗು ಅನ್ನುತ್ತದೆ. ರಸ್ತೆ ಅದೇ, ಅಂಗಡಿ ಅದೇ. ಗೆರೆ ಎಳೆದ ರೀತಿ ಬೇರೆ.

ಫುಟ್‌ಪಾತ್ ಕಥೆ ಇನ್ನೂ ಕೆಟ್ಟದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ರಸ್ತೆಗೆ ‘ಸೈಡ್‌ವಾಕ್’ (ಅಂದರೆ ಫುಟ್‌ಪಾತ್) ಅನ್ನುವ ಟ್ಯಾಗ್, ಅಂದರೆ ಮಾಹಿತಿಯ ಚೀಟಿ, ಹಾಕಬಹುದು: ಎಡಕ್ಕಿದೆ, ಬಲಕ್ಕಿದೆ, ಎರಡೂ ಕಡೆ ಇದೆ, ಇಲ್ಲ. ಟ್ಯಾಗೇ ಹಾಕಿಲ್ಲ ಅಂದರೆ ಯಾರೂ ನೋಡಿ ಬರೆದಿಲ್ಲ ಅಂತ ಅರ್ಥ, ಫುಟ್‌ಪಾತ್ ಇಲ್ಲ ಅಂತಲ್ಲ. ಈ ಎರಡನ್ನೂ ಒಂದೇ ಅಂತ ಎಣಿಸಿಬಿಟ್ಟರೆ ಮ್ಯಾಪಿಗೆ ಮಾಹಿತಿ ತುಂಬುವ ಉತ್ಸಾಹಿ ಮ್ಯಾಪರ್‌ಗಳಿರುವ ಬಡಾವಣೆ ಹಸಿರಾಗುತ್ತದೆ, ಯಾರೂ ತಲೆ ಹಾಕದ ಬಡಾವಣೆ ಕೆಂಪಾಗುತ್ತದೆ, ಆಮೇಲೆ ನಾವು ಅದನ್ನೇ ಹಿಡಿದುಕೊಂಡು ಆ ಬಡಾವಣೆ ಸರಿಯಿಲ್ಲ ಅಂತ ಜಗಳ ಮಾಡುತ್ತೇವೆ. ಅಳೆದದ್ದು ಊರನ್ನಾ, ಮ್ಯಾಪರ್‌ಗಳ ಬಿಡುವಿನ ವೇಳೆಯನ್ನಾ? ನಾನಂತೂ ಎರಡನೆಯದು ಅಂತೀನಿ. ಫುಟ್‌ಪಾತಿನ ಅಗಲ, ದೀಪ, ಅಂಚುಗಲ್ಲಿನ ಎತ್ತರ ಇವಕ್ಕೂ ಟ್ಯಾಗ್ ಇದೆ, ತುಂಬಿದವರು ಇನ್ನೂ ಕಡಿಮೆ. ವೀಲ್‌ಚೇರಿನಲ್ಲಿ ಹೋಗುವವರಿಗೆ ಒಂದು ಎತ್ತರದ ಅಂಚು ಸಾಕು, ಆ 400 ಮೀಟರ್ ಅಲ್ಲಿಗೇ ಮುಗಿಯಿತು.

ಹಾಗಂತ ಅಳೆಯೋದು ಬಿಡಿ ಅಂತ ನಾನು ಹೇಳುತ್ತಿಲ್ಲ. ಡೇಟಾ ತೆರೆದಿಟ್ಟಿರುವುದರಿಂದಲೇ ತಪ್ಪು ಹಿಡಿಯೋಕೆ ಆಗುತ್ತಿದೆ. ನನ್ನ ತಕರಾರು ಇಷ್ಟೇ: ಅಂಕದ ಪಕ್ಕದಲ್ಲೇ ಎಷ್ಟು ಉದ್ದದ ರಸ್ತೆಗೆ ಫುಟ್‌ಪಾತ್ ಮಾಹಿತಿ ಇದೆ ಅಂತಲೂ ಹಾಕಿ. ಮಾಹಿತಿ ಇಲ್ಲದ ಕಡೆ ಕೆಂಪು ಬೇಡ, ಬೂದು ಬಣ್ಣ ಬಳಿಯಿರಿ. ಆ ಬೂದು ಕಂಡರೆ ಆಂಡ್ರಾಯ್ಡ್ ಫೋನಿನಲ್ಲಿ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ಹಾಕಿಕೊಂಡು ಆ ಬೀದಿಗೆ ಹೋಗಿ. ಅದು ಸಣ್ಣ ಸಣ್ಣ ಪ್ರಶ್ನೆ ಕೇಳುತ್ತದೆ, ಕೊಟ್ಟ ಉತ್ತರ ಸೀದಾ ಮ್ಯಾಪಿಗೆ ಹೋಗುತ್ತದೆ.